ನೀರಿನ ಚಾವಿಗೆ ಕಿವಿಗೊಡುವ ಹುಲಗಪ್ಪ

ಗಾಣದಿಂದ ಆಗಷ್ಟೇ ಇಳಿದ ಕುಸುಬಿ ಎಣ್ಣೆಯ ವಾಸನೆ. ಐವತ್ತು ವರ್ಷಗಳ ಹಿಂದೆ ಯಾದಗಿರಿಯ ಗಾಣದ ಓಣಿಗೆ ಬೆಳಗಾಗುತ್ತಿದ್ದುದೇ ಆ ವಾಸನೆಯಿಂದ. ಈಗ ಗಾಣದ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡವಿದೆ. ಆದರೂ ಅದರ ಮುಂದೆ ಸೈಕಲ್ ನಿಲ್ಲಿಸುವಾಗ ಹುಲಗಪ್ಪ ಅವರ ಮೂಗು ಒಂದು ಗಳಿಗೆ ಅದನ್ನೇ ಹುಡುಕುತ್ತದೆ. ಅವರ ತಂದೆ ಆ ಗಾಣದಲ್ಲಿ ಹಿಂಡಿ ಹೊರುತ್ತಿದ್ದವರು.

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಸೈಕಲ್ಲಿನ ಹ್ಯಾಂಡಲಿಗೆ ಬುತ್ತಿಯ ಎರಡು ಗಂಟು ತೂಗಾಡುತ್ತಿವೆ. ಬೇರೆ ದಿನ ಇರುವುದು ಒಂದೇ ಗಂಟು. ಹುಲಗಪ್ಪ ಓಣಿಯ ನಡುವಿನ ಗುಂಡಿಯ ಮುಚ್ಚಳ ಸರಿಸಿ, ಎದೆಮಟ್ಟದ ಕಬ್ಬಿಣದ ಚಾವಿಯನ್ನು ಒಳಗಿಳಿಸಿ ವಾಲ್ವ್ ತಿರುಗಿಸುತ್ತಾರೆ. ಆಮೇಲೆ ಬಗ್ಗಿ ಚಾವಿಯ ತುದಿಗೆ ಕಿವಿ ಹಚ್ಚುತ್ತಾರೆ. ಕೆಳಗೆ ನೀರು ಹರಿದರೆ ಕಬ್ಬಿಣ ಗುಂಯ್‌ಗುಡುತ್ತದೆ.

"ಕಣ್ಣಿಗಿ ಕಾಣಂಗಿಲ್ರಿ ಇದು. ಕಿವೀಲೇ ನೋಡಬೇಕು," ಎನ್ನುತ್ತಾರೆ.

ಅರವತ್ತರ ಹತ್ತಿರದ ಹುಲಗಪ್ಪ ನಗರಸಭೆಯ ನೀರು ಬಿಡುವ ಕೆಲಸಕ್ಕೆ ಬಂದು ಇಪ್ಪತ್ತೆಂಟು ವರ್ಷ. ಇನ್ನೂ ದಿನಗೂಲಿ. ಹತ್ತೊಂಬತ್ತು ಓಣಿ, ಮೂವತ್ತೊಂದು ವಾಲ್ವ್. ಒಂದೊಂದು ಓಣಿಗೆ ಮೂರು ದಿನಕ್ಕೊಮ್ಮೆ ಎರಡು ತಾಸು ನೀರು. ಚಾವಿ ಹೊತ್ತು ಹೊತ್ತು ಅವರ ಬಲ ಹೆಗಲು ಕೊಂಚ ಇಳಿದಿದೆ.

ಯಾದಗಿರಿ ಜಿಲ್ಲಾ ಕೇಂದ್ರವಾದ ಮೇಲೆ, ಕಡೇಚೂರಿನ ಕಡೆ ಕಾರ್ಖಾನೆಗಳೆದ್ದ ಮೇಲೆ, ಬಾಡಿಗೆಗೆ ಮನೆ ಕೇಳಿಕೊಂಡು ಬರುವವರು ಹೆಚ್ಚಿದರು. ಗಾಣದವರು, ಹಮಾಲರು ಇದ್ದ ಓಣಿಯಲ್ಲಿ ಈಗ ಎಂಜಿನಿಯರರು, ಲೆಕ್ಚರರು. ಕಿರಾಣಿ ಅಂಗಡಿಯಲ್ಲಿ ಜೋಳದ ಚೀಲದ ಪಕ್ಕ ಓಟ್ಸ್ ಡಬ್ಬಿ ಬಂದು ಕೂತಿದೆ. ಬಾಡಿಗೆ ಏರಿದಾಗ ಹುಲಗಪ್ಪ ಅವರೇ ಓಣಿ ಬಿಟ್ಟು ಊರ ಹೊರಗೆ ಮನೆ ಮಾಡಿದರು. ಓಣಿಯ ಮೇಲ್ತುದಿಯ ಏರಿನಲ್ಲಿ ಹನ್ನೊಂದು ಹಳೆಯ ಕಲ್ಲುಮನೆಗಳಿದ್ದವು, ಈಗ ಏಳು.

"ನೀರು ಮ್ಯಾಲೆ ಏರಲಿಲ್ಲಂದ್ರ ಮಂದಿ ಮನಿ ಮಾರಿ ಹೋಗ್ತಾರ್ರಿ. ನಾಕು ಮನಿ ಹಂಗೇ ಹೋದ್ವು. ಉಳಿದ ಏಳರಾಗ ಒಂದೂ ನೀರಿನ ಸಲುವಾಗಿ ಹೋಗಬಾರದು. ಇಷ್ಟೇ ನನ್ನ ಹಟ."

ಆ ಹಟವೇ ಹೋದ ತಿಂಗಳು ಅವರನ್ನು ಎಡವಿಸಿತು. ಏರಿನ ಕಡೆಗೆ ನೀರು ಬಿಡುವ ಹಳೆಯ ವಾಲ್ವ್ ಕೆಟ್ಟಿತೆಂದು ನಗರಸಭೆಯವರು ತೆಗೆದು ಹೊಸದು ಕೂಡಿಸಿದ್ದರು. ಅದಾದ ಮೇಲೆ ಎರಡು ಸರದಿ ಏರಿನ ಮನೆಗಳಿಗೆ ಹನಿ ನೀರಿಲ್ಲ. ಕೊನೆಯ ಮನೆಯ ಕುಬ್ರಾಬೇಗಂ, ಎಪ್ಪತ್ತು ದಾಟಿದವರು, ಕಟ್ಟೆಯ ಮೇಲೆ ನಿಂತು ಕೂಗಿದರು: "ಏ ಹುಲಗಪ್ಪ, ನಿನ್ನ ನೀರಿಗಿ ಕಾದು ಕಾದು ನನ್ನ ಕೊಡಕ್ಕ ಗಡ್ಡ ಬಂತು ನೋಡೋ! ಶುಕ್ರವಾರ ದಲ್ಲಾಳಿಗಿ ಬಾ ಅಂದೀನಿ. ಕೊಟ್ಟೇ ಬಿಡ್ತೀನಿ ಮನಿ."

ಹುಲಗಪ್ಪ ಸೀದಾ ಗಾಣದ ಜಾಗದ ಕಟ್ಟಡಕ್ಕೆ ಇಳಿದು ಬಂದರು. ಅಲ್ಲಿ ನೀರೆಳೆಯುವ ಮೋಟರು ಗುರ್‌ಗುಟ್ಟುತ್ತಿತ್ತು. ಗೇಟಿನಲ್ಲಿ ಸಿಕ್ಕವರು ಮೂರನೇ ಮಹಡಿಯ ಸೌಭಾಗ್ಯ. ಶಹಾಪುರದ ಬ್ಯಾಂಕಿನಲ್ಲಿ ಕೆಲಸ, ಏಳರ ಬಸ್ಸಿಗೆ ಹೊರಟಿದ್ದರು. "ಓಣಿ ನೀರೆಲ್ಲ ನೀವೇ ಹೀರಿಬಿಡ್ರಿ! ಮ್ಯಾಲಿನ ಮಂದಿ ಊರು ಬಿಟ್ಟು ಹೋಗಲಿ!" ಎಂದು ಹುಲಗಪ್ಪ ನಾಲ್ಕು ಜನರ ಮುಂದೆ ಬೈದರು. ಅಂದು ಸಂಜೆ ಸೌಭಾಗ್ಯ ಕಟ್ಟಡದ ಒಂದೊಂದೇ ಬಾಗಿಲು ತಟ್ಟಿ, ನೀರು ಬಿಟ್ಟ ಮೊದಲ ತಾಸು ಮೋಟರು ಹಾಕದಂತೆ ಎಲ್ಲರನ್ನೂ ಒಪ್ಪಿಸಿದರು.

ಮುಂದಿನ ಸರದಿ ಗುರುವಾರ. ಮೋಟರಿನ ಸದ್ದಿಲ್ಲ. ಆದರೂ ಏರಿಗೆ ನೀರಿಲ್ಲ. ಹುಲಗಪ್ಪ ಚಾವಿಗೆ ಕಿವಿ ಹಚ್ಚಿದರು, ಕಬ್ಬಿಣ ಮೂಕವಾಗಿತ್ತು. ಅನುಮಾನ ಬಂದು ಬಲಕ್ಕೆ ತಿರುಗಿಸಿದರೆ, ಗುಂಯ್! ಹಳೆಯ ವಾಲ್ವುಗಳೆಲ್ಲ ಎಡಕ್ಕೆ ತೆರೆಯುವಂಥವು, ಹೊಸದು ಬಲಕ್ಕೆ. ನೀರು ಬಿಡುತ್ತೇನೆಂದುಕೊಂಡು ಅವರ ಕೈಯೇ ಅದನ್ನು ಮುಚ್ಚುತ್ತಿತ್ತು. ಮೊದಲೆರಡು ಸಲ ಮೋಟರಿನ ಗದ್ದಲದಲ್ಲಿ ಕಿವಿಗೆ ಏನೂ ತಿಳಿದಿರಲಿಲ್ಲ.

"ಇಪ್ಪತ್ತೆಂಟು ವರ್ಷದ ಕೈರಿ, ಎಡಕ್ಕೇ ಹೋಗ್ತದ. ತಪ್ಪು ನಂದು. ಬೈಸಿಕೊಂಡಾಕಿ ಆ ಹೆಣ್ಮಗಳು," ಎನ್ನುವಾಗ ಅವರ ದನಿ ತಗ್ಗುತ್ತದೆ.

ಶುಕ್ರವಾರ ದಲ್ಲಾಳಿ ಬಂದ. ಕುಬ್ರಾಬೇಗಂ ತುಂಬಿದ ಹೌದದಿಂದ ಒಂದು ತಂಬಿಗೆ ನೀರು ಮೊಗೆದು ಕೊಟ್ಟು, "ಕುಡುದು ಹೋಗ್ರಿ" ಎಂದರಂತೆ.

ಇಂದೂ ಏರಿನಿಂದ ಕೊಡ ತುಂಬುವ ಸದ್ದು ಕೇಳುತ್ತಿದೆ. ಎರಡು ತಾಸು ಮುಗಿದು ವಾಲ್ವ್ ಮುಚ್ಚಿದ ಹುಲಗಪ್ಪ ಸೈಕಲ್ ತಳ್ಳಿಕೊಂಡು ಕಟ್ಟಡದ ಗೇಟಿನ ಮುಂದೆ ನಿಲ್ಲುತ್ತಾರೆ. ಸೌಭಾಗ್ಯ ಅವರಿಗೆ ತಪ್ಪಾಯಿತು ಎನ್ನುವ ಒಂದು ಮಾತು ತಿಂಗಳಿಂದ ಬಾಯಿಗೆ ಬಂದಿಲ್ಲ. ನಿನ್ನೆ ಅದನ್ನು ಹೆಂಡತಿ ಯಂಕಮ್ಮನ ಮುಂದೆ ಹೇಳಿಕೊಂಡಿದ್ದರು. ಯಂಕಮ್ಮ ಇಂದು ನಸುಕಿನಲ್ಲೆದ್ದು ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದು, ಎರಡನೆಯ ಗಂಟು ಕಟ್ಟಿಕೊಟ್ಟಿದ್ದಾರೆ.

ಬ್ಯಾಗು ಹಿಡಿದು ಸೌಭಾಗ್ಯ ಅವಸರದಲ್ಲಿ ಬರುತ್ತಾರೆ. "ನೀರು ಮ್ಯಾಲೆ ಏರ್ತದೇನ್ರಿ ಕಾಕಾ?"

"ಏರ್ತದವ್ವ."

ಹುಲಗಪ್ಪ ಹ್ಯಾಂಡಲಿನಿಂದ ಒಂದು ಗಂಟು ಬಿಚ್ಚುತ್ತಾರೆ. ರೊಟ್ಟಿ, ಪುಂಡಿಪಲ್ಯ, ನಂಚಿಕೊಳ್ಳಲು ಶೇಂಗಾ ಹಿಂಡಿಯ ಪುಡಿ. ಅದನ್ನು ಮುಂದೆ ಹಿಡಿಯುತ್ತಾರೆ. ಸೌಭಾಗ್ಯ ಒಮ್ಮೆ ಅವರ ಮುಖ ನೋಡಿ, ಬ್ಯಾಗನ್ನು ಹೆಗಲಿಗೇರಿಸಿ, ಎರಡೂ ಕೈಯಿಂದ ಅದನ್ನು ತೆಗೆದುಕೊಳ್ಳುತ್ತಾರೆ.