ಬಲರೆಕ್ಕೆಯ ಮೇಲಿನ ಸವೆತ

ಮರ್ವಿನ್ ಪೆಡ್ಲರ್ ಮೂವತ್ತೆಂಟು ವರ್ಷ ಮರೀಬಾ ಎಂಬ ಸಣ್ಣ ಊರಿನ ಗ್ಯಾರೇಜೊಂದರಲ್ಲಿ ಗುದ್ದಿಸಿಕೊಂಡು ಬಂದ ಕಾರುಗಳ ನೆಗ್ಗು ತೆಗೆದು, ಹೊಸದರ ಹಾಗೆ ಬಣ್ಣ ಹೊಡೆದವನು. ನಿವೃತ್ತನಾದ ಮೇಲೆ ಅದಕ್ಕೆ ತದ್ವಿರುದ್ಧವಾದ ಕಸುಬು ಹಿಡಿದ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಇದೆಯಲ್ಲ, ಅದರೊಳಗಿನ ಹಳೆಯ ಯುದ್ಧವಿಮಾನಗಳಿಗೆ ಬಣ್ಣ ಬಳಿಯುವುದು, ಬಳಿದದ್ದನ್ನು ಮತ್ತೆ ಕೂತು ಹಾಳು ಮಾಡುವುದು. ಇಲ್ಲಿ ಬಿಸಿಲಿಗೆ ಮಂಕಾಗಿರಬೇಕು, ಅಲ್ಲಿ ಎಣ್ಣೆ ಸೋರಿರಬೇಕು, ಸ್ಕ್ರೂಗಳ ಸುತ್ತ ಚಕ್ಕೆ ಎದ್ದಿರಬೇಕು. ಒಂದು ಹೊಗೆಯ ಕಲೆಗೆ ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದ. ಮನೆಯ ಗೋಡೆಯ ಬಣ್ಣ ತಾನಾಗಿಯೇ ಉದುರುತ್ತಿದೆ, ಅದಕ್ಕೆ ಒಂದು ದಿನ ಕೊಡಲು ಈ ಮನುಷ್ಯನಿಗೆ ಆಗುವುದಿಲ್ಲ ಎಂದು ಹೆಂಡತಿ ಗ್ಲೆನಿಸ್ ಸಿಕ್ಕಿದವರ ಮುಂದೆಲ್ಲ ಹೇಳುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಗ್ಲೆನಿಸಳ ಅಪ್ಪ ಕ್ಲಾರಿ ನೂನನ್ ಇದ್ದದ್ದೂ ಅದೇ ಮನೆಯಲ್ಲಿ. ತೊಂಬತ್ತು ವರ್ಷ. ಎರಡನೆಯ ಮಹಾಯುದ್ಧದಲ್ಲಿ ಮಿಲ್ನ್ ಬೇ ಎಂಬ ವಿಮಾನನೆಲೆಯಲ್ಲಿ ಒಂದು ಕಿಟ್ಟಿಹಾಕ್ ಯುದ್ಧವಿಮಾನದ ಮೆಕ್ಯಾನಿಕ್ ಆಗಿದ್ದವನು, ಆದರೆ ಆ ಕಾಲದ ಬಗ್ಗೆ ತುಟಿ ಬಿಚ್ಚಿದವನಲ್ಲ. ಆ ವರ್ಷ ಮಾರ್ಚಿನಲ್ಲಿ ಕಣ್ಣಿನ ಡಾಕ್ಟರು, ನೋಟದ ನಡುಭಾಗ ಕಪ್ಪಾಗುತ್ತಿದೆ, ಕ್ರಿಸ್‌ಮಸ್ ಹೊತ್ತಿಗೆ ಎದುರಿಗಿದ್ದವರ ಮುಖವೂ ತಿಳಿಯಲಿಕ್ಕಿಲ್ಲ ಎಂದರು. ಮನೆಗೆ ಬಂದ ಮುದುಕ ಸೀದಾ ಅಳಿಯನ ಮೇಜಿನ ಹತ್ತಿರ ಹೋಗಿ ನಿಂತ.

"ಮರ್ವ್, ನಿನ್ನ ಈ ಪೆಟ್ಟಿಗೇಲಿ ನನ್ನ ವಿಮಾನ ಬರುತ್ತಾ? ಕಣ್ಣು ಹೋಗೋದ್ರೊಳಗೆ ಒಂದ್ಸಲ ನೋಡ್ಬೇಕು ಅಂತ."

ಮರ್ವಿನ್ ಬೇರೆಲ್ಲ ಕೆಲಸ ಬದಿಗಿಟ್ಟ. ಸಿಕ್ಕಿದ್ದು ಒಂದೇ ಫೋಟೋ, ಅದೂ ಎಡಮಗ್ಗುಲಿನದು. ಹೀಗೆ ವಿಮಾನಕ್ಕೆ ಬಣ್ಣ ಬಳಿಯುವವರ ಲೋಕದಲ್ಲಿ ಒಂದು ಕಟ್ಟಳೆ ಇದೆ: ಫೋಟೋ ಇಲ್ಲದೆ ಒಂದು ಗೀರೂ ಎಳೆಯಕೂಡದು. ಬಲಮಗ್ಗುಲಿಗೆ ಏನು ಮಾಡುವುದು? ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ. ಎಡರೆಕ್ಕೆಯ ಚಿತ್ರವನ್ನು ಮಗುಚಿ ಬಲಕ್ಕೆ ಅಂಟಿಸಿದ. ವಿಮಾನದ ಮೇಲಿನ ಅಕ್ಷರಗಳು ತಿರುಗಾಮುರುಗಾ ಆದರೆ ಪರ್ತ್‌ನಿಂದ ಆಕ್ಲೆಂಡ್‌ವರೆಗಿನ ಹವ್ಯಾಸಿಗಳ ನಡುವೆ ನಗೆಪಾಟಲಾಗುತ್ತದೆಂದು ಅವನ್ನು ಜೋಪಾನವಾಗಿ ತಿದ್ದಿದ. ಮಿಕ್ಕದ್ದರ ಮೇಲೆ ಕಣ್ಣು ಹೋಗಲಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಚಹಾ ಆದಮೇಲೆ ಮಾವನನ್ನು ಪರದೆಯ ಮುಂದೆ ಕೂರಿಸಿದ. ಕ್ಲಾರಿಗೆ ಆಗಲೇ ಕಣ್ಣಂಚಿನಿಂದಷ್ಟೇ ಕಾಣುತ್ತಿತ್ತು. ಕೋಳಿಯ ಹಾಗೆ ಕತ್ತು ಓರೆ ಮಾಡಿ, ಮೂತಿಯಿಂದ ಬಾಲದವರೆಗೆ ನಿಧಾನವಾಗಿ ನೋಡಿದ. ಆಮೇಲೆ ಬಲಗಡೆ ತಿರುಗಿಸಲು ಹೇಳಿದ. ರೆಕ್ಕೆಯ ಬುಡದಲ್ಲಿ ಬೂಟುಗಾಲಿಗೆ ಬಣ್ಣ ಸವೆದ ಜಾಗದ ಮೇಲೆ ಬೆರಳಿಟ್ಟ.

"ಈ ಕಡೆಯಿಂದ ಯಾವ ಪುಣ್ಯಾತ್ಮ ಹತ್ತಿದ್ದನಪ್ಪಾ?"

ಮರ್ವಿನ್ನನ ಕಿವಿ ಕೆಂಪಾಯಿತು. ಪೈಲಟ್ ಹತ್ತುವುದು ಎಡಗಡೆಯಿಂದ ಮಾತ್ರ, ಅದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ.

"ಇದನ್ನ ಒರೆಸಿಬಿಡು. ಇನ್ನೂ ಆಚೆ ಬಾ, ರೆಕ್ಕೆ ಮುಂದಿನ ಅಂಚಿಗೆ. ಹಾಂ, ಅಲ್ಲಿ ಸವೆದಿತ್ತು. ಸರಿಯಾಗಿ ನನ್ನ ಕುಂಡಿ ಅಗಲ."

ಅಡುಗೆಮನೆಯಲ್ಲಿ ಗ್ಲೆನಿಸ್ ಕಿಸಕ್ಕನೆ ನಕ್ಕಳು. ಆದರೆ ಮುದುಕ ತಮಾಷೆ ಮಾಡುತ್ತಿರಲಿಲ್ಲ. ನೆಲದ ಮೇಲಿರುವಾಗ ಆ ವಿಮಾನದ ಮೂತಿ ಆಕಾಶ ನೋಡುತ್ತಿರುತ್ತದೆ, ಪೈಲಟ್‌ಗೆ ಮುಂದಿನ ದಾರಿ ಕಾಣುವುದಿಲ್ಲ. ಹಾಗಾಗಿ ಮೆಕ್ಯಾನಿಕ್ ರೆಕ್ಕೆಯ ಮೇಲೆ ಕೂತು, ಕೆಸರಿನ ನಡುವೆ ಎಡಕ್ಕೋ ಬಲಕ್ಕೋ ಎಂದು ಕೈಸನ್ನೆ ಮಾಡಬೇಕು. ಒದ್ದೆ ಚಡ್ಡಿ, ಅದಕ್ಕೆ ಮೆತ್ತಿದ ಮರಳು, ದಿನಕ್ಕೆ ನಾಲ್ಕಾರು ಸಲ. ಎಂಥ ಬಣ್ಣವಾದರೂ ಎಷ್ಟು ದಿನ ತಡೆದೀತು!

ಅಷ್ಟು ಹೇಳಿದವನು ಉಳಿದದ್ದನ್ನೂ ಹೇಳಿದ. ಪೈಲಟ್ ಲೈಲ್ ಹೆಂಡಿ, ಇಪ್ಪತ್ತೆರಡರ ಹುಡುಗ, ಕ್ಲಾರಿಗಿಂತ ಒಂದು ವರ್ಷ ದೊಡ್ಡವನು. ಒಂದು ಸಂಜೆ ಮುಂದಿನ ಗಾಜಿನ ಮೇಲೆ ಎಣ್ಣೆಯ ಕಲೆ ಕಂಡು ಎಲ್ಲರೆದುರು ಕ್ಲಾರಿಯನ್ನು ಹಿಗ್ಗಾಮುಗ್ಗಾ ಬೈದ. ಮರುದಿನ ಬೆಳಿಗ್ಗೆ ಕ್ಲಾರಿ ಬಿಗಿದ ಮುಖದಲ್ಲೇ ರೆಕ್ಕೆಯ ಮೇಲೆ ಕೂತು ದಾರಿ ತೋರಿಸಿದ. ಕೊನೆಗೆ ರೆಕ್ಕೆಯಿಂದ ಹಿಂದಕ್ಕೆ ಧುಮುಕಿ ನಿಂತಾಗ ಮನಸ್ಸು ಕರಗಿ, ಕೈ ಎತ್ತಿದ. ಲೈಲ್ ತಿರುಗಿ ಕೈ ಎತ್ತಲಿಲ್ಲ. ಹೋದವನು ಮರಳಿ ಬರಲಿಲ್ಲ.

"ಮುನಿಸ್ಕೊಂಡೇ ಹೋದ," ಎಂದ ಕ್ಲಾರಿ. "ನಿನ್ನ ಅತ್ತೆಗೂ ಹೇಳಿರಲಿಲ್ಲ ಇದನ್ನ."

ಮರ್ವಿನ್ ಮೌಸ್ ಹಿಡಿದು ಕೆಲಸಕ್ಕೆ ಕೂತ. ಎರಡು ದಿನ ಮಾವ ಪಕ್ಕದಲ್ಲಿ ಕೂತು, ಇನ್ನೂ ಅಗಲ ಮಾಡು, ನಾನೇನು ಅಷ್ಟು ಬಡಕಲಾಗಿರಲಿಲ್ಲ ಎಂದು ತಿದ್ದಿಸಿದ. ಅಂತರ್ಜಾಲದ ಗೆಳೆಯರಲ್ಲಿ ಅಡಿಲೇಡ್‌ನವನೊಬ್ಬ ಈ ಸವೆತಕ್ಕೆ ಫೋಟೋ ಎಲ್ಲಿದೆ ಎಂದು ಕೇಳಿದ. ಕೂತು ಸವೆಸಿದವನೇ ಪಕ್ಕದಲ್ಲಿದ್ದಾನೆ ಎಂದು ಮರ್ವಿನ್ ಬರೆದ.

ಮೂರನೆಯ ದಿನ ಆ ಗುರುತು ಪೈಲಟ್ ಸೀಟಿನಿಂದ ಹೇಗೆ ಕಾಣುತ್ತದೆಂದು ನೋಡಲು ಅವನು ವಿಮಾನದೊಳಗಿನ ನೋಟಕ್ಕೆ ಹೋದ. ಚೆನ್ನಾಗಿ ಕಾಣುತ್ತಿತ್ತು. ಹಾಗೇ ನೋಟವನ್ನು ಹಿಂದಕ್ಕೆ ತಿರುಗಿಸಿದವನು ತಟ್ಟನೆ ಕೈ ತಡೆದ. ಮಾವನನ್ನು ಕರೆದು, ಧುಮುಕಿದ ಮೇಲೆ ಎಲ್ಲಿ ನಿಂತಿದ್ದಿರಿ ಎಂದು ಕೇಳಿದ. ರೆಕ್ಕೆಯ ಹಿಂದೆ, ಬಾಲದ ಹತ್ತಿರ ಎಂದ ಕ್ಲಾರಿ. ಮರ್ವಿನ್ ಪರದೆಯ ಮೇಲೆ ಅದೇ ಜಾಗದಲ್ಲಿ ಆಳೆತ್ತರದ ಒಂದು ಬಿಳಿ ಕಂಬ ನೆಟ್ಟು, ಪೈಲಟ್ ಸೀಟಿನ ನೋಟಕ್ಕೆ ಮರಳಿದ.

"ಇಂಜಿನ್ ನೋಡೋಕೆ ನೂರು ಸಲ ಕೂತಿದ್ದೀನಿ ಆ ಸೀಟಲ್ಲಿ," ಎಂದು ಕ್ಲಾರಿ ಗೊಣಗಿದ. "ಮೀಟರ್ ನೋಡ್ತಿದ್ದೆ. ಹಿಂದೆ ತಿರುಗೋ ಕೆಲಸ ನನಗೇನಿತ್ತು?"

"ಈಗ ತಿರುಗಿ ಮಾವ. ಬೆಲ್ಟ್ ಬಿಗಿದವನು ಎಷ್ಟು ತಿರುಗಬಹುದೋ ಅಷ್ಟು."

ನೋಟ ತಿರುಗಿದಾಗ ಕಂಡದ್ದು ತಲೆಯ ಹಿಂದಿನ ಉಕ್ಕಿನ ಹಲಗೆ, ಅದರ ಪಕ್ಕ ದಪ್ಪ ಚೌಕಟ್ಟು, ಅಷ್ಟೇ. ಕ್ಲಾರಿ ಕತ್ತು ಆ ಕಡೆ ಓರೆ ಮಾಡಿದ, ಈ ಕಡೆ ಓರೆ ಮಾಡಿದ. ತನ್ನ ಕಣ್ಣಿನ ಮೇಲೆ ಅವನಿಗೆ ನಂಬಿಕೆ ಸಾಲಲಿಲ್ಲ. ಮಗಳನ್ನು ಕೂಗಿದ.

"ಗ್ಲೆನ್, ಬಾ ಇಲ್ಲಿ. ಕಂಬ ಕಾಣುತ್ತಾ ನೋಡು."

ಅವಳು ಒದ್ದೆ ಕೈಯಲ್ಲೇ ಬಂದು ಬಗ್ಗಿ ನೋಡಿದಳು. "ಇಲ್ಲ ಅಪ್ಪ."

"ಸರಿಯಾಗಿ ನೋಡು."

"ನೋಡ್ದೆ ಅಪ್ಪ. ಏನೇನೂ ಕಾಣಲ್ಲ."

ಮರ್ವಿನ್ ನೋಟವನ್ನು ಮತ್ತೆ ಮುಂದಕ್ಕೆ, ರೆಕ್ಕೆಯ ಮೇಲಿನ ಸವೆತಕ್ಕೆ ತಂದು ನಿಲ್ಲಿಸಿದ.

"ನೀವು ಕೈ ಎತ್ತಿದ್ದು ಅವನಿಗೆ ಕಂಡೇ ಇಲ್ಲ ಮಾವ. ಆದ್ರೆ ಇಲ್ಲಿ ಕೂತಿದ್ದಾಗ ನೀವು ಅವನಿಗೆ ಕಾಣ್ತಿದ್ರಿ," ಎಂದ. "ಇಡೀ ದಾರಿ ನಿಮ್ಮ ಕೈ ನಂಬ್ಕೊಂಡೇ ಬಂದ. ಮುನಿಸ್ಕೊಂಡವನು ಹಂಗೆ ಬರ್ತಾನಾ?"

ಮುದುಕನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಅಯ್ಯೋ, ಪಾಪದ ಹುಡುಗ," ಎಂದ. "ಇಷ್ಟು ವರ್ಷ ಸಿಟ್ಟು ಇಟ್ಕೊಂಡಿದ್ದು ನಾನು."