ಆ ದಿನ ಗಂಟೆ ಹೊಡೆದವಳು ನಾನಲ್ಲ

ನಮ್ಮ ಸಭೆಯ ಹಿರಿಯರಿಗೂ, ಮಕ್ಕಳನ್ನು ಬೇಸಿಗೆ ಶಿಬಿರಕ್ಕೆ ಕಳುಹಿಸುವ ತಂದೆತಾಯಿಗಳಿಗೂ ವಿಮಲಾ ಟೀಚರ್ ಮಾಡುವ ವಂದನೆಗಳು. ಈ ಸಾಕ್ಷಿಯನ್ನು ನಾನು ಒಮ್ಮೆ ಚರ್ಚಿನಲ್ಲಿ ನಿಂತು ಹೇಳಿದ್ದೇನೆ. ಆಗ ಹೇಳಿದ್ದು ಅರ್ಧ ಮಾತ್ರ. ಉಳಿದರ್ಧವನ್ನು ಹೊಟ್ಟೆಯಲ್ಲಿಟ್ಟುಕೊಂಡು ಚರ್ಚಿನಲ್ಲಿ ಪ್ರಭು ಭೋಜನದ ರೊಟ್ಟಿಗೆ ಕೈಚಾಚಲು ನನ್ನಿಂದ ಆಗದು. ಆದ್ದರಿಂದ ಪೂರ್ತಿ ಬರೆಯುತ್ತಿದ್ದೇನೆ.

ಕಳೆದ ಮೇ ತಿಂಗಳಲ್ಲಿ, ನೀಲಗಿರಿಯ ಬೆಟ್ಟದ ಮೇಲೆ, ನನ್ನ ಕೈಗೆ ಒಪ್ಪಿಸಿದ್ದ ಹದಿಮೂರು ವರ್ಷದ ಹುಡುಗಿ ಮೂರು ತಾಸು ಕಾಣೆಯಾಗಿದ್ದಳು. ಅವಳ ಹೆಸರು ಶೀಬಾ. ಅವಳಿಗೆ ಉಬ್ಬಸವಿದೆ.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ವಿದ್ಯಾನಗರದ ಒಂದು ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಡ್ರಿಲ್ ಟೀಚರ್ ಆಗಿದ್ದೇನೆ. ಭಾನುವಾರ ಚರ್ಚಿನ ಮಕ್ಕಳಿಗೂ ನಾನೇ ಟೀಚರ್. ಮಕ್ಕಳು ಬೆನ್ನ ಹಿಂದೆ ನನ್ನನ್ನು ಪೊಲೀಸಮ್ಮ ಅನ್ನುತ್ತಾರೆ, ಅದು ನನಗೆ ಗೊತ್ತು, ಒಳಗೊಳಗೆ ಖುಷಿಯೂ ಇತ್ತು. ಆದರೆ ದೇವರ ಮುಂದೆ ಮುಚ್ಚಿಡುವುದೇನು, ನಾನು ಹುಟ್ಟಾ ಪುಕ್ಕಲಿ. ಮಕ್ಕಳು ಮರ ಹತ್ತಿದರೆ ಭಯ, ನೀರಿಗಿಳಿದರೆ ಭಯ. ಭಯ ಹೆಚ್ಚಾದಷ್ಟೂ ನಿಯಮ ಹೆಚ್ಚು ಮಾಡುತ್ತಿದ್ದೆ.

ನಮ್ಮ ಬಸ್ಸು ಹುಬ್ಬಳ್ಳಿಯಿಂದ ಹೊರಟ ಸಂಜೆ ಶೀಬಾಳ ತಂದೆ ಪ್ರಭಾಕರ, ತಾರಿಹಾಳದ ಕಾರ್ಖಾನೆಯಲ್ಲಿ ಲೇತ್ ಮಷಿನ್ ಮೇಲೆ ದುಡಿಯುವವರು, ಕೆಲಸದ ಬಟ್ಟೆಯಲ್ಲೇ ಮಗಳನ್ನು ಕರೆತಂದರು. ಹೆಂಡತಿ ತೀರಿಕೊಂಡ ಮೇಲೆ ನಾಲ್ಕು ವರ್ಷಗಳಿಂದ ಅವರು ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ಮಗಳನ್ನು ಮಾತ್ರ ಉಣಕಲ್ಲಿನಿಂದ ಬೈಕಿನ ಮೇಲೆ ತಂದು ಗೇಟಿನಲ್ಲಿ ಬಿಟ್ಟು ಹೋಗುತ್ತಿದ್ದರು. ಅವಳನ್ನು ಶಿಬಿರಕ್ಕೆ ಕಳುಹಿಸಲು ನಾನು ಎರಡು ತಿಂಗಳು ಬೆನ್ನು ಹತ್ತಿದ್ದೆ.

"ಟೀಚರ, ಥಂಡಿ ಹತ್ತಿದ್ರ ಆಕಿಗೆ ದಮ್ಮು ಏಳ್ತದ್ರಿ," ಎಂದು ಉಬ್ಬಸದ ಪಂಪನ್ನು ಹೇಗೆ ಒತ್ತಬೇಕೆಂದು ನನಗೆ ತೋರಿಸಿದರು. "ಇದು ಒಂದ ಐತ್ರಿ. ಸ್ವೆಟರ್ ಕಿಸೇದಾಗ ಇರ್ತದ. ಆಕಿ ಮೈಮ್ಯಾಲಿಂದ ಸ್ವೆಟರ್ ತಗಿಬಾರ್ದು ನೋಡ್ರಿ."

"ನನ್ನ ಕಣ್ಣ ಮುಂದನ ಇರ್ತಾಳ, ಹೋಗ್ರಿ ನೀವು," ಎಂದೆ. ಬಸ್ಸು ತಿರುವು ದಾಟುವವರೆಗೂ ಅವರು ಅಲ್ಲೇ ನಿಂತಿದ್ದರು.

ಮೂವತ್ತೇಳು ಮಕ್ಕಳು, ಒಬ್ಬ ಯುವ ಪಾದ್ರಿ ಅಯ್ಯನವರು, ನಾನು, ಮತ್ತು ಅಡುಗೆಗೆ ಹಳೇ ಹುಬ್ಬಳ್ಳಿಯ ಬಾಬಾಜಾನ್ ಕಾಕಾ. ಮೂರು ಹೊತ್ತೂ ಅನ್ನ ಹಾಕಿದರೆ ನಮ್ಮ ಮಕ್ಕಳು ಎರಡನೇ ದಿನಕ್ಕೇ ಮುಖ ಉಬ್ಬಿಸುತ್ತಾರೆಂದು ಪ್ರತಿ ವರ್ಷವೂ ಕಾಕಾನನ್ನು ಜೋಳದ ಹಿಟ್ಟಿನ ಚೀಲದ ಸಮೇತ ಕರೆದೊಯ್ಯುತ್ತೇವೆ. ಶಿಬಿರದ ಮನೆ ಚಹಾ ತೋಟದ ನೆತ್ತಿಯ ಮೇಲಿದೆ. ಅಂಗಳದ ಮರಕ್ಕೆ ರೈಲು ಹಳಿಯ ತುಂಡೊಂದನ್ನು ತೂಗುಹಾಕಿದ್ದಾರೆ, ಅದೇ ಗಂಟೆ. ಅದನ್ನು ನನ್ನ ಹೊರತು ಯಾರೂ ಮುಟ್ಟಬಾರದೆಂದು ಮೊದಲ ದಿನವೇ ಹೇಳಿದ್ದೆ.

ನಮ್ಮ ಶಿಬಿರದಲ್ಲಿ ಒಂದು ಪದ್ಧತಿಯಿದೆ. ಬೆಳಿಗ್ಗೆ ಆರರಿಂದ ಏಳರವರೆಗೆ ಮೌನದ ತಾಸು. ಪ್ರತಿಯೊಬ್ಬರೂ ಬೇಲಿಯೊಳಗೆ ಎಲ್ಲಾದರೂ ಒಂಟಿಯಾಗಿ ಕುಳಿತು ವಾಕ್ಯ ಓದಿ ಪ್ರಾರ್ಥಿಸಬೇಕು. ಗಂಟೆ ಹೊಡೆಯುವವರೆಗೆ ಏಳುವಂತಿಲ್ಲ, ಮಾತನಾಡುವಂತಿಲ್ಲ. ಒಳ್ಳೆಯ ಪದ್ಧತಿ. ಅದಕ್ಕೆ ನಾನು ನನ್ನ ಡ್ರಿಲ್ ಸೇರಿಸಿದೆ. ಮೊದಲ ಬೆಳಿಗ್ಗೆ ಮಕ್ಕಳ ಹಿಂದಿನಿಂದ ಹೋಗಿ ಒಬ್ಬೊಬ್ಬರ ಹೆಸರು ಹಿಡಿದು ಕರೆದೆ, ಪರೀಕ್ಷೆ ಮಾಡಲು. ಆರು ಮಕ್ಕಳು "ಟೀಚರ್" ಎಂದು ತಿರುಗಿದರು. ಅವರಲ್ಲಿ ಶೀಬಾಳೂ ಒಬ್ಬಳು. ಸಂಜೆ ಸಭೆಯಲ್ಲಿ ಆ ಆರು ಜನರನ್ನು ಎಬ್ಬಿಸಿ ನಿಲ್ಲಿಸಿದೆ. ಉಳಿದವರು ನಕ್ಕರು. ಶೀಬಾ ಅತ್ತಳು.

"ಗಂಟಿ ಆಗೂಕಿಂತ ಮೊದಲ ನಡಕ ಎದ್ದು ಬಂದವರ ಪ್ರಾರ್ಥನಾ ದೇವರಿಗೆ ಮುಟ್ಟಂಗಿಲ್ಲ," ಎಂದೆ. "ನಾಳಿಂದ ನಾನು ಹ್ಯಾಂಗ ಕರದ್ರೂ ಓ ಅನ್ನಬಾರ್ದು."

ಹಿಂದಿನ ಸಾಲಿನ ಹುಡುಗನೊಬ್ಬ ತಮಾಷೆಗೆ ಕೇಳಿದ, "ಅಳಕೋತ ಕರದ್ರೂ ಏನ್ರಿ ಟೀಚರ?"

"ಅಳಕೋತ ಕರದ್ರೂ," ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಇದೇ ಪ್ರಿಯರೇ, ನಾನು ಚರ್ಚಿನಲ್ಲಿ ಹೇಳದೆ ಬಿಟ್ಟ ಮಾತು.

ಮೂರನೇ ದಿನ, ಗುರುವಾರ. ಮಕ್ಕಳು ಆರಕ್ಕೆ ಹೋಗಿ ಕುಳಿತರು. ಆರೂವರೆಯ ಹೊತ್ತಿಗೆ ಕೆಳಗಿನ ಕಣಿವೆಯಿಂದ ಮಂಜು ಎದ್ದಿತು. ನಾನು ಮಂಜು ಕಂಡವಳೇ, ಧಾರವಾಡದಲ್ಲೂ ಬೀಳುತ್ತದೆ. ಇದು ಹಾಗಲ್ಲ. ಐದು ನಿಮಿಷದಲ್ಲಿ ನನ್ನ ಕೈಯೇ ನನಗೆ ಮಸುಕಾಯಿತು. ಅಷ್ಟರಲ್ಲಿ ಬೇಲಿಯ ಬಳಿ ಹುಡುಗಿಯರು ಚೀರಿದರು. ಕಾಡುಕೋಣವೊಂದು ಮುರಿದ ಬೇಲಿಯಲ್ಲಿ ನುಗ್ಗಿ ಒಳಗೆ ಬಂದಿತ್ತು. ಮಕ್ಕಳೆಲ್ಲ ಬಿದ್ದೆದ್ದು ಓಡಿ ಬಂದು ಹಾಲ್ ಸೇರಿದರು. ಗಂಟೆ ಹೊಡೆಯುವ ಮಾತೇ ಯಾರ ತಲೆಗೂ ಬರಲಿಲ್ಲ.

ಬಾಗಿಲು ಹಾಕಿ ತಲೆ ಎಣಿಸಿದೆ. ಮೂವತ್ತಾರು. ಇನ್ನೊಮ್ಮೆ ಎಣಿಸಿದೆ, ಮೂವತ್ತಾರೇ. ಮೂರನೇ ಸಲ ಎಣಿಸುವಾಗ ಯಾರಿಲ್ಲವೆಂದು ಕಣ್ಣಿಗೆ ಕಂಡಿತು, ಆದರೂ ಎಣಿಸುತ್ತಲೇ ಹೋದೆ.

ಅಯ್ಯನವರೂ ಶಿಬಿರದ ಕಾವಲುಗಾರನೂ ದೊಣ್ಣೆ ಹಿಡಿದು ಬೇಲಿಯ ಕಡೆ ಹೋದರು. ನಾನು ಇಳಿಜಾರಿನ ಕಡೆ ಹೋದೆ. "ಶೀಬಾ! ಶೀಬಾ!" ಎಂದು ಕೂಗಿದೆ. ಡ್ರಿಲ್ ಮೈದಾನದಲ್ಲಿ ನನ್ನ ದನಿ ರಸ್ತೆಯಾಚೆಯ ಅಂಗಡಿಗೆ ಕೇಳುತ್ತದೆ. ಇಲ್ಲಿ ಉತ್ತರವೇ ಇಲ್ಲ. ನೀರಿನ ಟಾಕಿಯ ಪಕ್ಕದ ಕೆಸರಿನಲ್ಲಿ ಕೋಣದ ಗೊರಸಿನ ಗುರುತು, ಒಂದೊಂದೂ ಊಟದ ಬಟ್ಟಲಿನಷ್ಟು. ಅದರ ದಿಕ್ಕು ಹಿಡಿದು ನಡೆಯಲು ಧೈರ್ಯವಿಲ್ಲ, ಬಿಟ್ಟು ಬರಲು ಮನಸ್ಸಿಲ್ಲ.

ಎಂಟಾಯಿತು. ಒಂಬತ್ತಾಯಿತು. ತೋಟದ ಕೆಲಸದವರು ಹತ್ತು ಜನ ಬಂದು ಹುಡುಕಿದರು, ಆ ಮಂಜಿನಲ್ಲಿ ಎರಡು ಮಾರು ಆಚೆ ಏನೂ ಕಾಣಲಿಲ್ಲ. ನಾನು ಹುಡುಗಿಯರ ಕೋಣೆಯ ಹಿಂದೆ ಬಂದಾಗ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಶೀಬಾಳ ಕೆಂಪು ಸ್ವೆಟರ್ ನೇತಾಡುತ್ತಿತ್ತು. ಹಿಂದಿನ ಸಂಜೆಯ ಮಳೆಯಲ್ಲಿ ನೆನೆದದ್ದು. ಅವಳು ಗೆಳತಿಯ ಸ್ವೆಟರ್ ಹಾಕಿಕೊಂಡು ಹೋಗಿದ್ದಳು. ಕಿಸೆಗೆ ಕೈ ಹಾಕಿದೆ. ಪಂಪು ಅದರಲ್ಲೇ ಇತ್ತು.

ಪ್ರಭಾಕರರ ಮುಖ ಕಣ್ಣ ಮುಂದೆ ಬಂತು. ಪಂಪನ್ನು ಮುಷ್ಟಿಯಲ್ಲಿ ಹಿಡಿದು ಮತ್ತೆ ಟಾಕಿಯ ಕಡೆ ಓಡಿ, ಇದ್ದಷ್ಟು ದನಿಯಲ್ಲಿ ಅಳುತ್ತಾ ಕರೆದೆ. "ಶೀಬಾ, ಎಲ್ಲಿದ್ದೀ ನನ್ನವ್ವಾ, ಒಂದ ಸಲ ಓ ಅನ್ನ!" ಮಂಜಿನಲ್ಲಿ ನನ್ನ ದನಿ ನನಗೇ ಬೇರೆಯವರದೆನಿಸಿತು. ಆ ಒದ್ದೆ ಹುಲ್ಲಿನ ಮೇಲೆ ಮೊಣಕಾಲೂರಿದೆ. ಇಪ್ಪತ್ತು ವರ್ಷ ಮಕ್ಕಳಿಗೆ ಪ್ರಾರ್ಥನೆ ಕಲಿಸಿದವಳಿಗೆ ಪ್ರಾರ್ಥನೆಯೇ ಬರಲಿಲ್ಲ. "ಕರ್ತನೇ, ಆಕೆ ಓ ಅನ್ನಲಿ, ನನ್ನನ್ನು ಬೇಕಾದರೆ ಕರೆದುಕೋ, ಆಕೆ ಓ ಅನ್ನಲಿ," ಇಷ್ಟನ್ನೇ ಎಷ್ಟು ಸಲ ಹೇಳಿದೆನೋ ಗೊತ್ತಿಲ್ಲ. ಕೇಳಿದ್ದು ಸಿಗಲಿಲ್ಲ. ಸುತ್ತಲೂ ಹಾಗೇ ಮೌನವಿತ್ತು. ದೇವರು ಕೈಬಿಟ್ಟನೆಂದೇ ಆಗ ನಂಬಿದೆ, ಅದನ್ನೂ ಮುಚ್ಚಿಡುವುದಿಲ್ಲ.

ಆಗ ಗಂಟೆ ಹೊಡೆಯಿತು.

ಢಣ್ ಢಣ್ ಢಣ್ ಎಂದು, ನಿಲ್ಲದಂತೆ. ನನಗೆ ಬಂದ ಸಿಟ್ಟು ಹೇಳತೀರದು. ಮಗು ಸತ್ತಿದೆಯೋ ಬದುಕಿದೆಯೋ ಗೊತ್ತಿಲ್ಲ, ಇವರಿಗೆ ಗಂಟೆಯ ಆಟ! ನಿಲ್ಲಿಸಲೆಂದು ಅಂಗಳಕ್ಕೆ ಓಡಿದೆ. ಬಾಬಾಜಾನ್ ಕಾಕಾ ಎಡಗೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡೇ ಬಲಗೈಯಿಂದ ಹಳಿಗೆ ಬಡಿಯುತ್ತಿದ್ದರು. ಬೆಳಗಿನ ಐದೂವರೆಗೇ ಉಪ್ಪಿಟ್ಟು ಮಾಡಿಟ್ಟು ಜೀಪಿನಲ್ಲಿ ಬಜಾರಕ್ಕೆ ಹೋದವರು, ಮಂಜಿಗೆ ಸಿಕ್ಕು ಆಗಷ್ಟೇ ಮರಳಿದ್ದರು. ಅವರಿಗೆ ಏನೊಂದೂ ಗೊತ್ತಿರಲಿಲ್ಲ.

ನಾನು ಅವರ ಕೈ ಹಿಡಿದೆ. "ಕಾಕಾ, ಬಿಡ್ರಿ! ಏನ ನಡದದ ಅಂತ ಖಬರ್ ಐತೇನ ನಿಮಗ?"

"ನನಗೇನ ಖಬರ್ ಟೀಚರ್? ಹತ್ತ ಹೊಡಿಯಾಕ ಬಂತು, ಉಪ್ಪಿಟ್ಟು ಹಂಗ ಕುಂತೈತಿ, ಅಂಗಳದಾಗ ಒಂದ ಪಿಳ್ಳೆ ಇಲ್ಲ. ಗಂಟಿ ಹೊಡಿಯಾಕ ಮರತೀರಿ, ಮಕ್ಕಳು ಹಸಗೊಂಡು ಅಲ್ಲೇ ಕುಂತಾವ ಅಂತ ಹೊಡದೆ. ತಪ್ಪಾತೇನು?"

ನಾನು ಬಾಯಿ ತೆರೆದು ಬೈಯಬೇಕು, ಅಷ್ಟರಲ್ಲಿ ಕಾಕಾ ನನ್ನ ಹೆಗಲಾಚೆ ನೋಡಿ, "ಅಲ್ಲಿ ಬಂತಲ್ಲ ಒಂದು," ಎಂದರು.

ತಿರುಗಿದೆ. ಟಾಕಿಯ ಕೆಳಗಿನಿಂದ ಶೀಬಾ ಬರುತ್ತಿದ್ದಳು. ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಾಳೆ, ಮತ್ತೆ ನಾಲ್ಕು ಹೆಜ್ಜೆ. ತುಟಿ ನೀಲಿ ತಿರುಗಿತ್ತು. ಎದೆಯಿಂದ ಸೀಟಿ ಊದಿದಂಥ ಸದ್ದು. ಪಂಪು ನನ್ನ ಮುಷ್ಟಿಯಲ್ಲೇ ಇತ್ತು, ಅವಳ ತಂದೆ ತೋರಿಸಿದ ಹಾಗೆ ಬಾಯಿಗಿಟ್ಟು ಒತ್ತಿದೆ. ಕಾಕಾ ಚೀಲ ಎಸೆದು ಅವಳನ್ನು ಎತ್ತಿಕೊಂಡು ಜೀಪಿಗೆ ಓಡಿದರು.

ಆ ತಿರುವು ರಸ್ತೆಯ ಮುಕ್ಕಾಲು ತಾಸು ನನ್ನ ಜೀವನದಲ್ಲಿ ಮತ್ತೆ ಬರುವುದು ಬೇಡ. ದೀಪ ಹಾಕಿಕೊಂಡು ಜೀಪು ಆಮೆಯಂತೆ ಇಳಿಯುತ್ತಿತ್ತು. ಶೀಬಾಳ ತಲೆ ನನ್ನ ತೊಡೆಯ ಮೇಲೆ. ಅವಳು ಉಸಿರು ಎಳೆದಾಗಲೆಲ್ಲ ನಾನೂ ಎಳೆಯುತ್ತಿದ್ದೆ, ಮುಂದಿನದು ಬರದಿದ್ದರೆ ಎಂದು. ಕಾಕಾ ಮುಂದೆ ಡ್ರೈವರನ ಪಕ್ಕ ಕುಳಿತು ತಮ್ಮ ರೀತಿಯಲ್ಲಿ ದುವಾ ಹೇಳುತ್ತಿದ್ದರು. ಆಸ್ಪತ್ರೆಯಲ್ಲಿ ಬಾಯಿಗೆ ಮಾಸ್ಕ್ ಕಟ್ಟಿ ಹೊಗೆಯಂಥ ಔಷಧಿ ಕೊಟ್ಟರು, ಆಕ್ಸಿಜನ್ ಹಾಕಿದರು. ಮಧ್ಯಾಹ್ನ ಎರಡಕ್ಕೆ ಡಾಕ್ಟರಮ್ಮ ಹೊರಬಂದು, ಅಪಾಯ ದಾಟಿತು, ಇನ್ನರ್ಧ ತಾಸು ಆ ಥಂಡಿಯಲ್ಲಿದ್ದರೆ ತನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು.

ಸಂಜೆ ಶೀಬಾಳಿಗೆ ಮಾತು ಬಂತು. ಎಲ್ಲಿದ್ದೆ, ಕರೆದದ್ದು ಕೇಳಲಿಲ್ಲವೇ ಎಂದೆ.

"ಟಾಕಿ ಕೆಳಗ ಬಂಡಿಗಲ್ಲಿನ ಸಂದ್ಯಾಗ ಕುಂತಿದ್ನಿರಿ ಟೀಚರ. ಚೀರಿದ್ದು, ಕರದದ್ದು ಎಲ್ಲಾ ಕೇಳಸ್ತು. ನೀವ ಮತ್ತ ಪರೀಕ್ಷಾ ಮಾಡಾಕತ್ತೀರಿ ಅಂದ್ಕೊಂಡ್ನಿ. ಅಳಕೋತ ಕರದ್ರೂ ಓ ಅನ್ನಬಾರ್ದು ಅಂದಿದ್ರಲ್ಲ?"

"ದಮ್ಮು ಹತ್ತಿದ ಮ್ಯಾಲರ ಎದ್ದು ಬರಬಾರ್ದೇನ ನನ್ನವ್ವಾ?"

ಅವಳು ಹೊದಿಕೆಯ ಅಂಚು ತಿರುವುತ್ತಾ ಹೇಳಿದಳು, "ಅಪ್ಪ ಚರ್ಚಿಗೆ ಬರ್ಲಿ ಅಂತ ಪ್ರಾರ್ಥನಾ ಮಾಡಾಕತ್ತಿದ್ನಿ. ನಡಕ ಎದ್ರ ಮುಟ್ಟಂಗಿಲ್ಲಲ್ರಿ. ಆಮ್ಯಾಲ ಒದರಬೇಕಂದ್ರೂ ದನಿ ಬರಲಿಲ್ಲ. ಗಂಟಿ ಆಗ್ಲಿ, ಗಂಟಿ ಆಗ್ಲಿ ಅಂತ ಕುಂತಿದ್ನಿ."

ನಾನು ಕಾರಿಡಾರಿಗೆ ಹೋಗಿ ಗೋಡೆಗೆ ಹಣೆಯಿಟ್ಟು ಅತ್ತೆ. ನಾನು ದೇವರ ಹತ್ತಿರ ಕೇಳಿದ್ದು ಅವಳ ಓಗೊಡುವ ದನಿ. ಆ ಬಾಯನ್ನು ನಾನೇ ಮುಚ್ಚಿಸಿದ್ದೆ, ಆಮೇಲೆ ಉಬ್ಬಸ ಮುಚ್ಚಿಸಿತ್ತು. ದೇವರು ನನ್ನ ಬುದ್ಧಿಗೆ ಹೊಳೆಯದ ಬೇರೆ ದಾರಿ ಹಿಡಿದನು. ನಾನು ಆ ಉತ್ತರವನ್ನು ನಿಲ್ಲಿಸಲು ಓಡಿದ್ದೆನಲ್ಲ! ಕಾಕಾ ಇನ್ನೆರಡು ಏಟು ಕಡಿಮೆ ಹೊಡೆದಿದ್ದರೆ, ನನ್ನ ಕೈ ಇನ್ನಷ್ಟು ಲಗೂ ತಲುಪಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ.

ಮರುದಿನ ಪ್ರಭಾಕರ ಎರಡು ಬಸ್ಸು ಬದಲಿಸಿ ಬಂದು ಮಗಳನ್ನು ಕರೆದೊಯ್ದರು. ಹೊರಡುವಾಗ ಪಂಪನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಕಿಸೆಗೆ ಹಾಕಿಕೊಂಡರು. ಹುಬ್ಬಳ್ಳಿಗೆ ಮರಳಿದ ಭಾನುವಾರ ನಾನು ಸಾಕ್ಷಿ ಹೇಳಲು ನಿಂತಾಗ, ನಾಲ್ಕು ವರ್ಷದಿಂದ ಗೇಟು ದಾಟದ ಪ್ರಭಾಕರ ಹಿಂದಿನ ಬೆಂಚಿನಲ್ಲಿ ಶೀಬಾಳ ಪಕ್ಕ ಕುಳಿತಿದ್ದರು. ಅವರನ್ನು ಕಂಡು ಹೆದರಿದೆ. ಮಂಜು ಹೇಳಿದೆ, ಕೋಣ ಹೇಳಿದೆ, ಗಂಟೆ ಹೇಳಿದೆ. ಪರೀಕ್ಷೆಯ ಮಾತು ನುಂಗಿಬಿಟ್ಟೆ. ಜನ ಸ್ತೋತ್ರ ಅಂದರು, ಕೈ ಹಿಡಿದು ಕಣ್ಣೀರು ಹಾಕಿದರು. ಮುಂದಿನ ಭಾನುವಾರ ಪ್ರಭಾಕರ ಬರಲಿಲ್ಲ. ಅದರ ಮುಂದಿನ ವಾರ ಶೀಬಾಳೂ ಬರಲಿಲ್ಲ.

ಬೆಟ್ಟದ ಮೇಲೆ ಹೆದರಿದ್ದಕ್ಕಿಂತ ಹೆಚ್ಚು ನಾನು ಪೂರ್ತಿ ಹೇಳಲೆಂದು ಉಣಕಲ್ಲಿನ ಅವರ ಮನೆಗೆ ಹೊರಟ ಬಸ್ಸಿನಲ್ಲಿ ಹೆದರಿದೆ. ಮಗಳ ಜೀವಕ್ಕೆ ಕುತ್ತು ತಂದವಳನ್ನು ಒಬ್ಬ ತಂದೆ ಏನು ಬೇಕಾದರೂ ಮಾಡಬಹುದು. ಒಂದು ಸ್ಟಾಪ್ ಮೊದಲೇ ಇಳಿದು ವಾಪಸು ಹೋಗೋಣವೆಂದು ಬಾಗಿಲವರೆಗೂ ಬಂದಿದ್ದೆ. ದೇವರ ಕೃಪೆ, ಬಸ್ಸು ಅಲ್ಲಿ ನಿಲ್ಲಲಿಲ್ಲ.

ಪ್ರಭಾಕರ ಹೊರಗೆ ಬೈಕು ತೊಳೆಯುತ್ತಿದ್ದರು. ಒಳಗೆ ಕರೆದು ಕುರ್ಚಿ ಹಾಕಿದರು. ಕುಳಿತುಕೊಳ್ಳದೆ ಎಲ್ಲವನ್ನೂ ಹೇಳಿದೆ. ಆರು ಮಕ್ಕಳನ್ನು ನಿಲ್ಲಿಸಿ ನಗಿಸಿದ್ದು, ಅಳುತ್ತಾ ಕರೆದರೂ ಎಂದದ್ದು, ಸ್ವೆಟರ್ ನೋಡಿಕೊಳ್ಳದೆ ಬಿಟ್ಟದ್ದು. ಹೇಳಿ ಮುಗಿದ ಮೇಲೆ ಅವರು ಒದ್ದೆ ಕೈ ಒರೆಸಿಕೊಂಡರು.

"ಆಕಿ ದವಾಖಾನ್ಯಾಗ ನನಗ ಎಲ್ಲಾ ಹೇಳ್ಯಾಳ್ರಿ ಟೀಚರ," ಎಂದರು. "ಅವತ್ತ ಚರ್ಚಿನ್ಯಾಗ ನೀವ ಎಷ್ಟ ಹೇಳ್ತೀರಿ ನೋಡೋಣಂತ ಬಂದು ಕುಂತಿದ್ನಿ. ಅರ್ಧಕ್ಕ ನಿಂದ್ರಿಸಿದ್ರಿ. ಖರೇ ಹೇಳಾಕ ಇವರಿಗೆ ಆಗಂಗಿಲ್ಲಂದ್ರ, ಇವರ ದೇವರ ಕಡೆ ನಾನ್ಯಾಕ ಹೋಗ್ಲಿ ಅಂತ ಬಿಟ್ಟೆ."

ನನಗೆ ತಲೆ ಎತ್ತಲು ಆಗಲಿಲ್ಲ. "ತಪ್ಪ ಆತ್ರಿ. ಮಾಫ್ ಮಾಡ್ರಿ ಅನ್ನಾಕೂ ಮಾರಿ ಇಲ್ಲ ನನಗ."

ಶೀಬಾ ಒಳಗಿನಿಂದ ಚಹಾ ತಂದಳು. ಪ್ರಭಾಕರ ಕಪ್ಪು ತೆಗೆದು ತಾವೇ ನನ್ನ ಕೈಗೆ ಕೊಟ್ಟರು.

"ಮೊದಲ ಚಹಾ ಕುಡಿರಿ. ಬರೋ ಐತವಾರ ಚರ್ಚಿಗೆ ಬರ್ತೇನಿ."

ಬಂದರು. ಈಗ ಮಗಳನ್ನು ಗೇಟಿನಲ್ಲಿ ಬಿಟ್ಟು ಹೋಗುವುದಿಲ್ಲ, ಜೊತೆಗೇ ಒಳಗೆ ಬಂದು ಕೂರುತ್ತಾರೆ. ಇದನ್ನು ಅಚ್ಚಿಗೆ ಕೊಡುವ ಮುನ್ನ ಅವರಿಗೇ ಓದಿ ತೋರಿಸಿದ್ದೇನೆ. ಹೆದರಿ ಹೇಡಿಯಾದವಳ ಮೊರೆಯನ್ನೂ, ಕಲ್ಲಿನ ಸಂದಿಯಲ್ಲಿ ಉಸಿರುಗಟ್ಟಿ ಕುಳಿತ ಮಗುವಿನ ಮೊರೆಯನ್ನೂ ಒಂದೇ ಬೆಳಿಗ್ಗೆ ಕೇಳಿಸಿಕೊಂಡ ಕರ್ತನಿಗೆ ಸ್ತೋತ್ರ. ನನ್ನದು ಅವನಿಗೆ ತಡವಾಗಿ ಕೇಳಿಸಿದ್ದರೂ ಪರವಾಗಿರಲಿಲ್ಲ, ಆ ಮಗುವಿನದು ಮೊದಲು ಕೇಳಿಸಿತು.