ಟೆಲಿಸ್ಕೋಪಿನ ಕಪ್ಪು ಹಾಳೆ

ಆಗೆಲ್ಲ ಮನೆಗೊಂದೇ ಕ್ಯಾಮೆರಾ ಫೋನು. ನಲ್ಲೂರಿನ ನಮ್ಮ ಮನೆಯಲ್ಲಿ ಅದು ಅಪ್ಪನದು. ಒಂಬತ್ತನೇ ಕ್ಲಾಸಿನಲ್ಲಿದ್ದ ಸುಮಕ್ಕನಿಗೆ ಮಾವ ಒಂದು ಸಣ್ಣ ಟೆಲಿಸ್ಕೋಪು ತಂದುಕೊಟ್ಟಿದ್ದರು. ಅವರೆಕಾಯಿ ಕಾಲ. ಬೆರಳಲ್ಲಿ ಸೊಗಡು ಅಂಟಿಸಿಕೊಂಡೇ ಇಬ್ಬರೂ ತಾರಸಿ ಹತ್ತುತ್ತಿದ್ದೆವು. ಹುಣಸೆಮರದ ಕಾಗೆ ಅದರಲ್ಲಿ ತಲೆಕೆಳಗಾಗಿ ಕಂಡರೆ ನಕ್ಕಿದ್ದೇ ನಕ್ಕಿದ್ದು. ನೋಡುವ ತುದಿಗೆ ಫೋನನ್ನು ಜಡೆಯ ರಬ್ಬರಿನಿಂದ ಕಟ್ಟಿ ಫೋಟೋ ತೆಗೆಯುವುದನ್ನೂ ಅಕ್ಕ ಕಲಿತಳು.

ಅಷ್ಟರಲ್ಲಿ ಸೂರ್ಯಗ್ರಹಣ ಬಂತು. ಅಜ್ಜಿ ಉಪ್ಪಿನಕಾಯಿ ಜಾಡಿಗೆ ದರ್ಭೆ ಹಾಕಿ ಬಾಗಿಲು ಮುಚ್ಚಿಸಿದರು. ನಾವು ಹಿಂದಿನಿಂದ ತಾರಸಿಗೆ ನುಸುಳಿದೆವು. ವಿಜ್ಞಾನದ ಮೇಷ್ಟ್ರು ಕೊಟ್ಟಿದ್ದ ಕಪ್ಪು ಹಾಳೆಯನ್ನು ಅಕ್ಕ ಕೊಳವೆಯ ಬಾಯಿಗೆ ಕಟ್ಟಿದಳು.

"ಇದನ್ನ ಮುಟ್ಬೇಡ ಕಣೇ. ಇದಿಲ್ದೆ ನೋಡಿದ್ರೆ ಕಣ್ಣೇ ಹೋಗುತ್ತೆ."

ಫೋನು ಕಟ್ಟಿ ಕೊಳವೆಯನ್ನು ಸೂರ್ಯನತ್ತ ತಿರುಗಿಸಿದರೂ ಅದರಲ್ಲಿ ಬರೀ ಕತ್ತಲೆ. ಕೆಳಗಿನಿಂದ ಅಜ್ಜಿ ಕೂಗಿದರು. "ಸುಮಾ, ಎಲ್ಲಮ್ಮಿ ಹೋದೆ?" ಅಕ್ಕ ಸಮಾಧಾನ ಹೇಳಲು ಇಳಿದಳು. ಮೊದಲ ಫೋಟೋ ನಾನೇ ತೆಗೆಯಬೇಕೆಂಬ ಆಸೆ ನನಗೆ. ಕತ್ತಲೆಗೆ ಆ ಹಾಳೆಯೇ ಕಾರಣವೆಂದು ಕಿತ್ತುಬಿಟ್ಟೆ. ಫೋನಿನ ಪರದೆ ಬೆಳ್ಳಗೆ ಉರಿದಂತಾಯಿತು. ಗಾಬರಿಯಿಂದ ಫೋನು ಬಿಚ್ಚಿದೆ. ಮೆಟ್ಟಿಲಲ್ಲಿ ಹೆಜ್ಜೆ ಸದ್ದು. ಹಾಳೆ ಲಂಗದ ಮರೆಗೆ ಹೋಯಿತು.

"ಫೋನ್ ಯಾಕೆ ಬಿಚ್ಚಿದ್ಯೇ?"

"ಜಾರ್ತು ಅಕ್ಕಾ."

"ಹಾಳೆ ಮುಟ್ಟಿಲ್ಲ ತಾನೆ?"

"ಇಲ್ಲ."

ನಂಬಿದಳು. ಅವಸರದಲ್ಲಿ ಕೊಳವೆಯ ಬಾಯಿ ನೋಡದೆ ಬಾಗಿ ಬಲಗಣ್ಣಿಟ್ಟಳು. "ಅಮ್ಮಾ!" ಎಂದು ಕಣ್ಣು ಮುಚ್ಚಿಕೊಂಡು ಕುಸಿದಳು. ಅವಳನ್ನು ಹಿಡಿಯುವ ಮೊದಲು ನಾನು ಮಾಡಿದ್ದು, ಹಾಳೆಯನ್ನು ಮೊದಲಿನಂತೆ ಕಟ್ಟಿದ್ದು.

ಬಲಗಣ್ಣಿನ ನಡುವೆ ಕಲೆ ಉಳಿಯುತ್ತದೆ ಎಂದರು ಡಾಕ್ಟರು.

"ಗ್ರಹಣದಲ್ಲಿ ಈಚೆಗೋಗ್ಬ್ಯಾಡ ಅಂದ್ರೆ ಕೇಳಿದ್ಲಾ? ಹಿಡ್ಕೊಂತು ನೋಡು," ಎಂದರು ಅಜ್ಜಿ. ಹಾಳೆ ಕಟ್ಟಿಯೇ ಇತ್ತಲ್ಲ, ಅಕ್ಕ ಬೇರೆ ಯಾವ ಕಾರಣವನ್ನು ತಾನೇ ಹುಡುಕಿಯಾಳು? ಅಜ್ಜಿಯ ಮಾತನ್ನೇ ನಂಬಿ ಟೆಲಿಸ್ಕೋಪನ್ನು ಮಾವನಿಗೆ ವಾಪಸು ಕೊಟ್ಟಳು. ನಾನು ಎಂಟನೆಯದಕ್ಕೇ ಶಾಲೆ ಬಿಟ್ಟೆ. ಓದುವುದು ಅವಳ ಪಾಲಿಗಿತ್ತು. ಅವಳು ವಿಜ್ಞಾನ ಬಿಟ್ಟು ಬೇರೆ ಏನೋ ಓದಿದಳು.

ಮೊನ್ನೆ ಅಕ್ಕನ ಮಗಳು ಗ್ರಹಣ ಯಾಕೆ ನೋಡಬಾರದು ಎಂದು ಕೇಳಿದಳು. ಅಕ್ಕ ಕಿಟಕಿಯ ಪರದೆ ಎಳೆದು, "ನನ್ನ ಕಣ್ಣು ನೋಡು, ಸಾಲ್ದಾ?" ಎಂದಳು. ಮಗು ಹೆದರಿ ನನ್ನ ಮಡಿಲಿಗೆ ಬಂತು. ತಲೆ ಸವರಿದೆ. ಹಾಳೆಯ ವಿಷಯ ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಅವಳ ಒಂದು ಕಣ್ಣನ್ನಷ್ಟೇ ಕಳೆದೆನೆಂದುಕೊಂಡಿದ್ದೆ. ಆಕಾಶಕ್ಕೆ ಅಂಜದಿದ್ದ ನನ್ನ ಅಕ್ಕನನ್ನೇ ಕಳೆದಿದ್ದೇನೆ.